ಗಜಕರ್ಣ: ಮೊದಲು ಮಸೂರ, ಆಮೇಲೆ ಮುಲಾಮು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ನಾವು ಗಜಕರ್ಣ ಕಂಡೊಡನೆ ಅಂಗಡಿಯ ಮುಲಾಮು ತಂದು ಹಚ್ಚುವುದುಂಟು. ಅದರಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ತುರಿಕೆ ತಗ್ಗುತ್ತದೆ. ಆದರೆ ಶಿಲೀಂಧ್ರ ಒಳಗೊಳಗೇ ಹಬ್ಬಿ, ರೋಗದ ಗುರುತೇ ಮಾಸುತ್ತದೆ.

ಡರ್ಮೋಸ್ಕೋಪ್ ಎಂಬ ಬೆಳಕುಳ್ಳ ಕೈಮಸೂರವು ಚರ್ಮವನ್ನು ಸುಮಾರು 10 ಪಟ್ಟು ಹಿಗ್ಗಿಸಿ ತೋರಿಸುತ್ತದೆ, ನೋವಿಲ್ಲ. ಕೂದಲುದುರಿದ ಮಗುವಿನ ತಲೆಯಲ್ಲಿ ಅಲ್ಪವಿರಾಮದಂತೆ ಬಾಗಿದ ತುಂಡುಗೂದಲು ಕಂಡರೆ ಶಿಲೀಂಧ್ರದ ಶಂಕೆ ಬಲವಾಗುತ್ತದೆ. ಸೋಂಕಿದ ಉಗುರಿನಲ್ಲಿ ಬಣ್ಣಗೆಟ್ಟ ಭಾಗದ ಒಳ ಅಂಚು ಗರಗಸದಂತೆ ಕಾಣಬಹುದು. ಸಂದೇಹವಿದ್ದರೆ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೆರೆಯ ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯದ ತಜ್ಞರು ಈ ಪರೀಕ್ಷೆಯ ಕುರಿತು ಅಧ್ಯಯನಗಳನ್ನು ಪ್ರಕಟಿಸಿದ್ದಾರೆ.

ತಲೆಯ ಸೋಂಕಿಗೆ ಮುಲಾಮೊಂದೇ ಸಾಲದು, ನುಂಗುವ ಔಷಧಿ ಬೇಕು. ತಡವಾದರೆ ಕೆಲವರಲ್ಲಿ ಬೋಳು ಶಾಶ್ವತವಾದೀತು. ನಾಚಿಕೆ ತೊರೆದು, ಮಕ್ಕಳನ್ನು ಚರ್ಮವೈದ್ಯರ ಬಳಿಗೆ ಕರೆದೊಯ್ಯೋಣ.