ಒಣಗಣ್ಣಿಗೆ ಬಿಸಿಬಟ್ಟೆಯೋ ಬೆಳಕೋ?

ಮೋಟೆಬೆನ್ನೂರಿನಿಂದ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋದರೆ ನಮ್ಮಲ್ಲಿ ಯಾರ ಕಣ್ಣು ತಾನೆ ನೀರೂರದೆ ಇದ್ದೀತು? ಇಷ್ಟು ನೀರನ್ನು ಸುರಿಸಬಲ್ಲ ಕಣ್ಣೂ ಒಣಗುವುದುಂಟು. ಅದರ ಕಾರಣವನ್ನೂ ಚಿಕಿತ್ಸೆಯನ್ನೂ ವಿಚಾರಿಸೋಣ.

ಕಣ್ಣಿನ ಮೇಲಣ ತೇವವು ಬರಿಯ ನೀರಲ್ಲ. ಕೆಳಗೆ ಲೋಳೆ, ನಡುವೆ ನೀರು, ಮೇಲೆ ತೆಳ್ಳನೆಯ ಎಣ್ಣೆ. ಈ ಎಣ್ಣೆಯನ್ನು ಒಸರಿಸುವ ರೆಪ್ಪೆಯಂಚಿನ ಗ್ರಂಥಿಗಳನ್ನು ಜರ್ಮನಿಯ ಮೈಬೋಮನು 1666ರಲ್ಲಿ ವರ್ಣಿಸಿದನು. ಎಣ್ಣೆ ಗಟ್ಟಿಯಾಗಿ ಗ್ರಂಥಿಗಳ ಬಾಯಿ ಕಟ್ಟಿಕೊಂಡರೆ ನೀರು ಬೇಗನೆ ಆವಿಯಾಗಿ ಕಣ್ಣು ಉರಿಯತೊಡಗುವುದು.

ರೂಢಿಯ ಚಿಕಿತ್ಸೆ ಸರಳವಾದುದು. ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯ ಒದ್ದೆಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲಿಟ್ಟು, ಕರಗಿದ ಎಣ್ಣೆಯನ್ನು ಮೆಲ್ಲನೆ ನೀವಿ ಹೊರಡಿಸುವುದು. ಕೃತಕ ಕಣ್ಣೀರಿನ ಹನಿ ಹಾಕುವುದು. ಖರ್ಚು ಕಡಿಮೆ; ಆದರೆ ದಿನವೂ ತಪ್ಪದೆ ನಡೆಯಬೇಕು.

ಬೆಳಕಿನ ಚಿಕಿತ್ಸೆಯಲ್ಲಿ ಕಣ್ಣಿಗೆ ಕವಚವಿಟ್ಟು, ಕೆಳರೆಪ್ಪೆಯ ಕೆಳಗಣ ಚರ್ಮದ ಮೇಲೆ ತೀವ್ರ ಬೆಳಕಿನ ಮಿಡಿತಗಳನ್ನು ಹಾಯಿಸುವರು. ರಕ್ತವು ಆ ಬೆಳಕನ್ನು ಹೀರಿ ಬಿಸಿಯಾಗಲು, ಉರಿಯೂತವನ್ನು ಪೋಷಿಸುವ ಸಣ್ಣ ನಾಳಗಳು ಮುಚ್ಚಿಕೊಳ್ಳುವುವೆಂದು ತಜ್ಞರ ಊಹೆ. 2020ರ ಕಾಕ್ರೇನ್ ಸಮೀಕ್ಷೆಯು ಇದರ ಗುಣಕ್ಕೆ ದೊರೆತ ಪ್ರಮಾಣ ಸಾಲದೆಂದಿತು. 2021ರಲ್ಲಿ ಅಮೆರಿಕವು ಒಪ್ಪಿಗೆಯಿತ್ತಿತು.

ಇನ್ನೊಂದು ಮಾತು ನಮಗೆ ವಿಶೇಷವಾಗಿ ಸಲ್ಲುತ್ತದೆ. ಚರ್ಮಕ್ಕೆ ಕಪ್ಪು ಬಣ್ಣವನ್ನೀಯುವ ಮೆಲನಿನ್ ಸಹ ಬೆಳಕನ್ನು ಹೀರುವುದು. ಆದುದರಿಂದ ಚರ್ಮ ಕಪ್ಪಾದಷ್ಟೂ ಸುಡುವ ಭಯ ಹೆಚ್ಚು. ಬಿಳಿಯ ತೊಗಲಿಗೆ ಒಪ್ಪಿದ ಬೆಳಕು ಬಿಸಿಲಿನಲ್ಲಿ ದುಡಿಯುವ ನಮ್ಮವರಿಗೆಲ್ಲ ಒಪ್ಪಬೇಕೆಂದಿಲ್ಲ. ಕೊರತೆ ನೀರಿನದೋ ಎಣ್ಣೆಯದೋ ಎಂಬುದನ್ನು ಮೊದಲು ವೈದ್ಯರಿಂದ ತಿಳಿಯಬೇಕು. ಬೆಳಕನ್ನು ಆಶ್ರಯಿಸಿದವರಿಗೂ ಬಿಸಿಬಟ್ಟೆಯ ನಂಟು ಸಾಮಾನ್ಯವಾಗಿ ತಪ್ಪದು.