ಮೀನಿಗೆ ಮೆಟ್ಟಿಲು, ಕಂಪನಿಗೆ ಲೆಕ್ಕ

ನದಿಗಳು ಸಾಮಾನ್ಯವಾಗಿ ಬೆಟ್ಟದಲ್ಲಿ ಹುಟ್ಟಿ, ಬಯಲಿಗಿಳಿದು, ಹೊಲಗದ್ದೆಗಳ ನಡುವೆ ಹಾದು ಕಡಲು ಸೇರುತ್ತವೆ. ಅಮೆರಿಕದ ಪಶ್ಚಿಮ ಅಂಚಿನ ಕ್ಲಾಮತ್ ನದಿಯದು ತಲೆಕೆಳಗಾದ ದಾರಿ. ಆರೆಗಾನ್ ರಾಜ್ಯದ ದಕ್ಷಿಣದಲ್ಲಿರುವ, ಹೆಚ್ಚು ಆಳವಿಲ್ಲದ ಅಪ್ಪರ್ ಕ್ಲಾಮತ್ ಸರೋವರದಿಂದ ಹೊರಟ ನೀರಿಗೆ ಮೊದಲು ಸಿಗುವುದೇ ಬಯಲು, ಜೌಗು, ಬೇಸಾಯ. ಕಡಿದಾದ ಕಣಿವೆ, ದಟ್ಟ ಕಾಡು ಆಮೇಲೆ. ಸುಮಾರು 400 ಕಿ.ಮೀ. ಹರಿದು ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಅದು ಪೆಸಿಫಿಕ್ ಸೇರುತ್ತದೆ. ನೀರಾವರಿ ರೈತರು ಬಹುಪಾಲು ಮೇಲೆ, ಸಾಲ್ಮನ್ ಮೀನನ್ನೇ ನಂಬಿದ ಯೂರೋಕ್, ಕರೂಕ್ ಮೂಲನಿವಾಸಿಗಳು ಕೆಳಗೆ. ಜಗಳಕ್ಕೆ ನೆಲ ಅಲ್ಲೇ ಹದವಾಗಿತ್ತು.

ಬೀಜ ಬಿತ್ತಿದ್ದು ಸರ್ಕಾರ. ಕಳೆದ ಶತಮಾನದ ಆರಂಭದಲ್ಲಿ ಶುರುವಾದ ನೀರಾವರಿ ಯೋಜನೆ ಲೋವರ್ ಕ್ಲಾಮತ್ ಮತ್ತು ಟೂಲಿ ಸರೋವರಗಳ ನೀರು ಬಸಿದು ಹೊಲ ಮಾಡಿತು. ಎರಡೂ ಮಹಾಯುದ್ಧಗಳಿಂದ ಮರಳಿದ ಸೈನಿಕರಿಗೆ ಅಲ್ಲಿ ಜಮೀನು ಹಂಚಲಾಯಿತು. ಎರಡನೆಯ ಯುದ್ಧದ ಬಳಿಕ ಅದೃಷ್ಟವಂತರ ಹೆಸರುಗಳನ್ನು ಎತ್ತಿದ್ದು ಉಪ್ಪಿನಕಾಯಿ ಜಾಡಿಯಿಂದ! ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ್ದ ಟೂಲಿ ಲೇಕ್ ಶಿಬಿರದ ಬ್ಯಾರಕ್‌ಗಳನ್ನೇ ಕಿತ್ತು ತಂದು ಅನೇಕರು ಮನೆ ಕಟ್ಟಿಕೊಂಡರು. ಆಲೂಗಡ್ಡೆ, ಈರುಳ್ಳಿ, ಬಾರ್ಲಿ, ಕುದುರೆ ಮಸಾಲೆ ಬೆಳೆದರು.

ಆದರೆ ಮುಂದೆ ಕೆಡವಿದ್ದರಿಂದ ಸುದ್ದಿಯಾದ ನಾಲ್ಕು ಅಣೆಕಟ್ಟುಗಳಿಗೂ ಈ ಹೊಲಗಳಿಗೂ ಸಂಬಂಧವಿಲ್ಲ. ಹೊಲಗಳಿಗಿಂತ ಕೆಳಗೆ, ವಿದ್ಯುತ್ತಿಗಾಗಿ ಕಟ್ಟಿದವು ಅವು. 1918ರಲ್ಲಿ ಕೊಪ್ಕೊ-1 ಎದ್ದಿತು, 1960ರ ದಶಕದ ಆರಂಭದಲ್ಲಿ ಐರನ್ ಗೇಟ್. ಸಿಹಿನೀರಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ತವರಿಗೆ ಮರಳುವ ಸಾಲ್ಮನ್‌ಗೆ ಇವೆರಡರಲ್ಲೂ ಹತ್ತುವ ಮೆಟ್ಟಿಲಿರಲಿಲ್ಲ. 600 ಕಿ.ಮೀ.ಗೂ ಹೆಚ್ಚು ಹೊಳೆಹಳ್ಳಗಳು ಕೈತಪ್ಪಿದವು. ಅಪ್ಪರ್ ಕ್ಲಾಮತ್ ಸರೋವರದ ಸುತ್ತಲಿನ ಕ್ಲಾಮತ್ ಬುಡಕಟ್ಟುಗಳ ಊಟದಿಂದ ಸಾಲ್ಮನ್ ಮಾಯವಾಯಿತು. ನಿಂತ ನೀರು ಬಿಸಿಯಾಗಿ ವಿಷಕಾರಿ ಪಾಚಿ ಕಟ್ಟಿತು.

2001ರ ಬರದಲ್ಲಿ, ಅಳಿವಿನಂಚಿನ ಮೀನುಗಳಿಗಾಗಿ ಸರ್ಕಾರ ಕಾಲುವೆಗಳ ನೀರು ನಿಲ್ಲಿಸಿತು. ಕ್ಲಾಮತ್ ಫಾಲ್ಸ್ ಪಟ್ಟಣದಲ್ಲಿ ಸಾವಿರಾರು ಜನ ಸಾಲಾಗಿ ನಿಂತು, ಕೈಯಿಂದ ಕೈಗೆ ಬಕೆಟ್ ದಾಟಿಸುತ್ತ ಪ್ರತಿಭಟಿಸಿದರು. ಮರುವರ್ಷ ರೈತರಿಗೆ ನೀರು ಸಿಕ್ಕಿತು, ನದಿ ಬಡವಾಯಿತು. ಆ ಸೆಪ್ಟೆಂಬರಿನಲ್ಲಿ ಬೆಚ್ಚಗಿನ ತೆಳು ನೀರಿನಲ್ಲಿ ಕಿಕ್ಕಿರಿದ ಮೀನುಗಳಿಗೆ ಕಿವಿರು ರೋಗ ಹಬ್ಬಿ, ಕಡಿಮೆಯೆಂದರೂ 34,000 ಸತ್ತು ದಡಕ್ಕೆ ಬಿದ್ದವು. ಯೂರೋಕರು ಇಂದಿಗೂ ಮರೆಯದ ನಾತ ಅದು.

ಅಣೆಕಟ್ಟು ಒಡೆದದ್ದನ್ನು ಪ್ರಕೃತಿಪ್ರೇಮದ ಗೆಲುವೆಂದು ಹೊಗಳುವವರಿದ್ದಾರೆ. ಹೋರಾಟ ದೊಡ್ಡದೇ, ಸಂಶಯವಿಲ್ಲ. ಮಾಲೀಕ ಕಂಪನಿಯ ಷೇರುದಾರರ ಸಭೆಗೆಂದು ಮೂಲನಿವಾಸಿಗಳು ಸ್ಕಾಟ್ಲೆಂಡಿನವರೆಗೂ ಹೋಗಿದ್ದರು. ಆದರೆ ಕೊನೆಗೆ ಕೆಲಸ ಮಾಡಿದ್ದು ಜಮಾಖರ್ಚು. ವಿದ್ಯುತ್ ಪರವಾನಗಿ 2006ರಲ್ಲಿ ಮುಗಿಯಿತು. ನವೀಕರಿಸಬೇಕಾದರೆ ಮೀನಿಗೆ ಮೆಟ್ಟಿಲು ಕಟ್ಟಿ ಎಂದಿತು ಸರ್ಕಾರ. ಕಟ್ಟುವುದಕ್ಕಿಂತ ಕೆಡವುವುದೇ ಅಗ್ಗ! 2010ರ ಒಪ್ಪಂದ ಸಂಸತ್ತಿನಲ್ಲಿ ಕೊಳೆಯಿತು, 2016ರಲ್ಲಿ ಬೇರೆ ರೂಪ ಪಡೆಯಿತು, 2022ರ ನವೆಂಬರಿನಲ್ಲಿ ಅಂತಿಮ ಒಪ್ಪಿಗೆ ಬಂತು. ವೆಚ್ಚ ಸುಮಾರು 45 ಕೋಟಿ ಡಾಲರ್. 20 ಕೋಟಿ ವಿದ್ಯುತ್ ಗ್ರಾಹಕರದು, ಮಿಕ್ಕದ್ದು ಕ್ಯಾಲಿಫೋರ್ನಿಯಾದ ಬಾಂಡ್ ಹಣ.

2024ರ ಜನವರಿಯಲ್ಲಿ ಜಲಾಶಯಗಳು ಬರಿದಾದವು. ಹೊರಬಿದ್ದ ಕೆಸರಿನ ಮೇಲೆ ಸ್ಥಳೀಯ ಹುಲ್ಲು, ಗಿಡಗಳ ಕೋಟ್ಯಂತರ ಬೀಜ ಚೆಲ್ಲಿದರು. ಕೆಡವುವ ಕೆಲಸ ಮುಗಿದು ವಾರಗಳಷ್ಟೇ ಕಳೆದಿದ್ದವು. ಅಕ್ಟೋಬರಿನಲ್ಲಿ ಆರೆಗಾನಿನ ಸ್ಪೆನ್ಸರ್ ಹಳ್ಳದಲ್ಲಿ ಚಿನೂಕ್ ಸಾಲ್ಮನ್ ಕಾಣಿಸಿತು. 1912ರ ನಂತರ ಅಲ್ಲಿ ಅದೇ ಮೊದಲು. 2025ರಲ್ಲಿ ಮೀನುಗಳು ಅಪ್ಪರ್ ಕ್ಲಾಮತ್ ಸರೋವರವನ್ನೂ ತಲುಪಿದವು.

ಹಾಗೆಂದು ರೈತರ ನೀರಿನ ತಕರಾರು ಬಗೆಹರಿಯಲಿಲ್ಲ. ನೀರಾವರಿಯ ಕೀನೊ, ಲಿಂಕ್ ರಿವರ್ ಅಣೆಕಟ್ಟುಗಳು ಹಾಗೇ ಇವೆ. ಸರೋವರದಲ್ಲಿ ನೀರು ಉಳಿಸಬೇಕೆನ್ನುವ ಕಾನೂನೂ ಇದೆ, ಏಕೆಂದರೆ ಅಲ್ಲಿನ ಸಕ್ಕರ್ ಮೀನುಗಳು ಇನ್ನೂ ಅಳಿವಿನಂಚಿನಲ್ಲಿವೆ. ಜೊತೆಗೆ, ಶತಮಾನದಿಂದ ಸಾಲ್ಮನ್ ಕಾಣದ ಕಾಲುವೆಗಳ ಬಾಯಿಗೆ ಮರಿಮೀನುಗಳು ನುಗ್ಗದಂತೆ ಈಗ ಜಾಲರಿ ಹಾಕಬೇಕು. ಆ ದುಡ್ಡು ತಮ್ಮ ತಲೆಗೆ ಬರಬಾರದು ಎಂದು ರೈತರು ಪಟ್ಟು ಹಿಡಿದಿದ್ದಾರೆ.