ಮನೇಲಿ ಮಗು ಜೊತೆ ಮಾತಾಡೋರು ಯಾರು?

ದಸರಾ ರಜೆ ಮುಗಿದ ವಾರ. ಮಗಳಿಗೆ ಆಗ ಎರಡು ವರ್ಷ ಎರಡು ತಿಂಗಳು. ಮಕ್ಕಳ ಡಾಕ್ಟರ್ ಅವಳ ಕಿವಿ, ಗಂಟಲು ಎಲ್ಲ ನೋಡಿ, ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡು ಕೇಳಿದ್ರು: “ಎಷ್ಟು ಪದ ಹೇಳ್ತಾಳೆ?”

ನಾನು ಬೆರಳು ಮಡಚಿ ಎಣಿಸಿದೆ. ಅಮ್ಮ, ಪಪ್ಪ, ಹಾಲು, ಬೇಡ, ಟಾಟಾ, ಬೌಬೌ... ಹನ್ನೊಂದಕ್ಕೆ ನಿಂತುಹೋಯಿತು. ಹನ್ನೆರಡನೆಯದು ‘ಹಲೋ’. ಟಿವಿ ರಿಮೋಟನ್ನು ಕಿವಿಗಿಟ್ಟುಕೊಂಡು, ಹಣೆ ಗಂಟಿಕ್ಕಿಕೊಂಡು, ಹಾಲ್‌ನ ಈ ತುದಿಯಿಂದ ಆ ತುದಿಗೆ ಓಡಾಡುತ್ತಾ ‘ಹಲೋ ಹಲೋ’ ಅನ್ನುತ್ತಿದ್ದಳು. ಥೇಟ್ ನನ್ನ ಹಾಗೆ. ಅದನ್ನು ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿ ನಕ್ಕಿದ್ದೂ ಆಗಿತ್ತು.

ಎರಡು ವರ್ಷಕ್ಕೆ ಸುಮಾರು ಐವತ್ತು ಪದ ಇರಬೇಕು, ‘ಹಾಲು ಕೊಡು’ ಅನ್ನೋ ಹಾಗೆ ಎರಡು ಪದ ಸೇರಿಸಬೇಕು ಅಂದರು ಡಾಕ್ಟರ್. ಆಮೇಲೆ ನನ್ನ ಮುಖ ನೋಡಿ ಇನ್ನೊಂದು ಪ್ರಶ್ನೆ: “ಮನೇಲಿ ಮಗು ಜೊತೆ ಮಾತಾಡೋರು ಯಾರಮ್ಮ?”

ಪಕ್ಕದಲ್ಲೇ ಕೂತಿದ್ದ ನನ್ನ ಗಂಡನನ್ನು ಯಾಕೆ ಕೇಳಲಿಲ್ಲ ಅನ್ನೋ ಸಿಟ್ಟು ಇವತ್ತಿಗೂ ಇದೆ. ಆದರೆ ಪ್ರಶ್ನೆ ಸರಿಯಾಗೇ ಇತ್ತು. ನಾವಿಬ್ಬರೂ ಸಾಫ್ಟ್‌ವೇರ್, ವಾರದಲ್ಲಿ ಮೂರು ದಿನ ಇಬ್ಬರೂ ಮನೆಯಿಂದಲೇ ಕೆಲಸ. “ನಾವು ಮನೇಲೇ ಇರ್ತೀವಿ ಡಾಕ್ಟರ್” ಅಂದೆ. ಸುಳ್ಳಲ್ಲ. ಮಗುವಿನಿಂದ ಮೂರಡಿ ದೂರದಲ್ಲಿ, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಇರ್ತಿದ್ವಿ. ಅವಳನ್ನು ನೋಡಿಕೊಳ್ಳುವ ಅಕ್ಕ ಮೀಟಿಂಗ್ ಇದ್ದಾಗ ಸದ್ದಾಗಬಾರದು ಅಂತ ಟಿವಿಯಲ್ಲಿ ಇಂಗ್ಲಿಷ್ ರೈಮ್ಸ್ ಹಾಕಿ ಕೂರಿಸ್ತಿದ್ರು. ಹಾಗೆ ಮಾಡಿ ಅಂತ ಹೇಳಿದ್ದೂ ನಾನೇ.

ಡಾಕ್ಟರ್ ಎರಡು ಪರೀಕ್ಷೆ ಬರೆದುಕೊಟ್ಟರು. ಮೊದಲನೆಯದು ಕಿವಿಯದ್ದು. ಶೀತ ಆದಾಗ ಕಿವಿಯೊಳಗೆ ನೀರು ತುಂಬಿಕೊಂಡರೆ ಮಗುವಿಗೆ ಎಲ್ಲ ಮಾತೂ ಗೋಡೆಯಾಚೆಯಿಂದ ಬಂದ ಹಾಗೆ ಕೇಳಿಸುತ್ತದಂತೆ. ಮಾತು ತಡ ಆದರೆ ಮೊದಲು ನೋಡಬೇಕಾದ್ದು ಇದನ್ನೇ. ‘ಅವರಪ್ಪನೂ ಲೇಟಾಗೇ ಮಾತಾಡಿದ್ದು’ ಅಂತ ಸುಮ್ಮನಿರೋದು ತಪ್ಪು. ನಮ್ಮ ಪುಟ್ಟಿಯ ಕಿವಿ ಸರಿಯಿತ್ತು. ಎರಡನೆಯದು ರಕ್ತಪರೀಕ್ಷೆ. ಹಿಮೋಗ್ಲೋಬಿನ್ 9.8 ಬಂತು. ಈ ವಯಸ್ಸಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಡ್ರೈ ಫ್ರೂಟ್ಸ್ ಡಬ್ಬಿ ತುಂಬಿರುವ ಮನೆಯಲ್ಲಿ ಅದು ಹೇಗೆ? ದಿನಕ್ಕೆ ನಾಲ್ಕು ಬಾಟಲಿ ಹಸುವಿನ ಹಾಲು ಕುಡೀತಿದ್ದಳಲ್ಲ, ಅದಕ್ಕೇ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ಹೊಟ್ಟೆ ತುಂಬಿಸಿ ಊಟವನ್ನೂ ತಪ್ಪಿಸುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೂವರಲ್ಲಿ ಇಬ್ಬರಿಗೆ! ಕೋಸ್ಟರಿಕಾ ದೇಶದಲ್ಲಿ ಹಸುಗೂಸಾಗಿದ್ದಾಗ ತೀವ್ರ ಕಬ್ಬಿಣದ ಕೊರತೆ ಇದ್ದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಕೊರತೆಗೆ ಚಿಕಿತ್ಸೆ ಆಗಿ ಹತ್ತು ವರ್ಷದ ಮೇಲೂ ಲೆಕ್ಕ, ಬರವಣಿಗೆಯ ಪರೀಕ್ಷೆಗಳಲ್ಲಿ ಅವರು ಜೊತೆಯವರಿಗಿಂತ ಹಿಂದೆ ಇದ್ದರು. ಮಗು ಕ್ಲಾಸಲ್ಲಿ ಮಂಕಾಗಿ ಕೂತರೆ ನಾವು ಟ್ಯೂಷನ್ ಹುಡುಕ್ತೀವಿ, ಹಿಮೋಗ್ಲೋಬಿನ್ ನೋಡೋದಿಲ್ಲ. ಕಬ್ಬಿಣದ ಡ್ರಾಪ್ಸ್ ಶುರುವಾಯಿತು, ಹಾಲು ಎರಡು ಲೋಟಕ್ಕೆ ಇಳಿಯಿತು. ಅದು ಸುಲಭದ ಭಾಗ.

ಕಷ್ಟದ್ದು ಮಾತು. ಎಂಜಿನಿಯರ್ ಬುದ್ಧಿ ನೋಡಿ, ರಾತ್ರಿ ಒಂದು ಗಂಟೆವರೆಗೆ ಕೂತು ಓದಿದೆ. ಹಾರ್ಟ್ ಮತ್ತು ರಿಸ್ಲಿ ಅನ್ನೋ ಇಬ್ಬರು ಅಮೆರಿಕದ ಸಂಶೋಧಕರು 42 ಕುಟುಂಬಗಳ ಮನೆಗೆ ಹೋಗಿ ಮಾತು ರೆಕಾರ್ಡ್ ಮಾಡಿ, 1995ರಲ್ಲಿ ಒಂದು ಲೆಕ್ಕ ಪ್ರಕಟಿಸಿದ್ದರು. ಶಾಲೆ ಮೆಟ್ಟಿಲು ಹತ್ತುವ ಮೊದಲೇ ಓದಿದವರ ಮನೆಯ ಮಗು ಬಡವರ ಮನೆಯ ಮಗುವಿಗಿಂತ ಮೂರು ಕೋಟಿ ಪದ ಜಾಸ್ತಿ ಕೇಳಿಸಿಕೊಂಡಿರುತ್ತೆ ಅಂತ. ನನಗೆ ಬೇಕಾಗಿದ್ದೇ ಇಂಥದ್ದೊಂದು ಸಂಖ್ಯೆ. ಮಾರನೇ ದಿನದಿಂದ ಪದಗಳ ಮಳೆ ಸುರಿಸಿದೆ. ಅವಳ ಎದುರು ಕೂತು ಪೇಪರ್ ಓದಿದೆ, ದೋಸೆ ಮಾಡುತ್ತಾ ವೀಕ್ಷಕ ವಿವರಣೆ ಕೊಟ್ಟೆ. ಅವಳು ಎರಡು ನಿಮಿಷ ನೋಡಿ, ರಿಮೋಟ್ ಎತ್ತಿಕೊಂಡು ಎದ್ದು ಹೋದಳು. ನನ್ನ ಮೀಟಿಂಗುಗಳಲ್ಲಿ ನಾನೂ ಎಷ್ಟೋ ಸಲ ಹಾಗೇ ಎದ್ದು ಹೋಗಬೇಕು ಅಂದ್ಕೊಂಡಿದ್ದೀನಿ.

ಆಮೇಲೆ ಗೊತ್ತಾಯಿತು, ಆ ಮೂರು ಕೋಟಿಯ ಲೆಕ್ಕದ ಬಗ್ಗೆ ಸಾಕಷ್ಟು ತಕರಾರಿದೆ. 42 ಮನೆ ತೀರಾ ಕಡಿಮೆ. ಅಜ್ಜಿ, ಅಕ್ಕ, ಪಕ್ಕದ ಮನೆಯವರು ಆಡುವ ಮಾತನ್ನೂ ಸೇರಿಸಿಕೊಂಡರೆ ಅಂತರ ಅಷ್ಟಿರೋದಿಲ್ಲ ಅಂತ ನಂತರದವರು ತೋರಿಸಿದರು. 2018ರಲ್ಲಿ ಅಮೆರಿಕದಲ್ಲೇ 4ರಿಂದ 6 ವರ್ಷದ 36 ಮಕ್ಕಳ ಮೇಲೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಮಿದುಳಿನ ಭಾಷೆಯ ಭಾಗ ಚುರುಕಾಗಿರುವುದಕ್ಕೂ ಮಗು ಕೇಳಿಸಿಕೊಂಡ ಪದಗಳ ಸಂಖ್ಯೆಗೂ ಅಷ್ಟಾಗಿ ನಂಟು ಕಾಣಲಿಲ್ಲ. ನಂಟು ಕಂಡಿದ್ದು ಮಾತಿನ ಸರದಿಗೆ. ಅಂದರೆ ಮಗು ಒಂದು ಅನ್ನಬೇಕು, ದೊಡ್ಡವರು ಅದಕ್ಕೊಂದು ಅನ್ನಬೇಕು, ಮತ್ತೆ ಮಗುವಿನ ಸರದಿ. ನಾನು ಭಾಷಣ ಮಾಡ್ತಿದ್ದೆ. ಅವಳ ಸರದಿ ಬರೋಕೆ ಬಿಟ್ಟೇ ಇರಲಿಲ್ಲ.

ಇದು ಕಣ್ಣಿಗೆ ಕಂಡಿದ್ದು ಅವರೆಕಾಯಿ ಕಾಲದಲ್ಲಿ. ಅತ್ತೆ ಅರಸೀಕೆರೆಯಿಂದ ಬಂದರು, ಜೊತೆಗೆ ಒಂದು ಚೀಲ ಸೊಗಡಿನ ಅವರೆ. ಕಾಳು ನೆನೆಸಿ, ಮಾರನೇ ದಿನ ಹಿತಕೋಕೆ ನೆಲದ ಮೇಲೆ ಕೂತರು, ಎದುರಿಗೆ ಪುಟ್ಟಿ. ಪುಟ್ಟಿಯ ಕೈಯಿಂದ ಒಂದು ಕಾಳು ಚಿಮ್ಮಿ ಸೋಫಾ ಕೆಳಗೆ ಹೋಯಿತು. “ಆಂ?” ಅಂದಳು. ಅತ್ತೆ ಕೈ ನಿಲ್ಲಿಸಿ, “ಎಲ್ಲೋಯ್ತೇ ಅದು?” ಪುಟ್ಟಿ ಬೆರಳು ತೋರಿಸಿದಳು. “ಓಡೋಯ್ತಾ?” ಅಂತ ಕೇಳಿ ಅತ್ತೆ ಸುಮ್ಮನಾದರು. ನನಗೆ ಆ ಮೌನ ತಡೆಯೋಕಾಗಲಿಲ್ಲ, ನಾನೇ ಉತ್ತರ ಹೇಳಿಬಿಡೋಣ ಅನ್ನಿಸಿತು. ಒಂದು, ಎರಡು, ಮೂರು, ನಾಲ್ಕು ಸೆಕೆಂಡ್. “ಓಯ್ತು” ಅಂದಳು ಮಗಳು. ಮಗುವಿನ ಜೊತೆ ಮಾತಾಡೋದು ಅಂದರೆ ಅರ್ಧ ಭಾಗ ಕಾಯೋದು ಅಂತ ನನಗೆ ಯಾರೂ ಹೇಳಿರಲಿಲ್ಲ. ಕಾಳು ಬಾಯಿಗೆ ಹೋಗದ ಹಾಗೆ ಒಂದು ಕಣ್ಣಿಟ್ಟುಕೊಂಡೇ ಅತ್ತೆ ಹಂಚೋಕೆ ಶುರು ಮಾಡಿದರು. ಒಂದು ಪುಟ್ಟಿಗೆ, ಒಂದು ಅಜ್ಜಿಗೆ, ಒಂದು ತಾತಂಗೆ. “ಅಮ್ಮಂಗೆ?” “ಬೇಡ!” ಅಂದಳು. ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನಗೆ ಅದೂ ಒಂದು ಸರದಿ ಅಂತ ಸಮಾಧಾನ.

ಅತ್ತೆಯನ್ನು ದೇವರು ಮಾಡೋಕೆ ಹೊರಟಿಲ್ಲ. ಸಂಜೆ ಏಳಾದರೆ ಅವರಿಗೂ ಸೀರಿಯಲ್ ಬೇಕು. ಊಟ ಮಾಡಿಸುವಾಗ ಮಗು ಕೈಗೆ ಮೊಬೈಲ್ ಕೊಡ್ತಾರೆ. “ನೀನು ಇಡೀ ದಿನ ನೋಡ್ತೀಯಲ್ಲಮ್ಮ, ಅವಳು ಹತ್ತು ನಿಮಿಷ ನೋಡಿದ್ರೆ ಏನು?” ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಕಾಳು ಹಂಚುವ ಆಟ ನೋಡುವಾಗ ತಿಪಟೂರಿನ ನಮ್ಮ ಕಿರಾಣಿ ಅಂಗಡಿ ನೆನಪಾಯಿತು. ರಾತ್ರಿ ಬಾಗಿಲು ಎಳೆದ ಮೇಲೆ ಅಪ್ಪ ಗಲ್ಲಾ ಪೆಟ್ಟಿಗೆಯ ಚಿಲ್ಲರೆಯನ್ನು ನನ್ನ ಮುಂದೆ ಸುರೀತಿದ್ರು. ನಾಲ್ಕಾಣೆಯದು ಒಂದು ಗುಡ್ಡೆ, ಎಂಟಾಣೆಯದು ಒಂದು, ರೂಪಾಯಿಯದು ಒಂದು. “ಎರಡು ಎಂಟಾಣೆ ಕೊಟ್ರೆ ಎಷ್ಟು ಕೊಡ್ತೀಯ?” ಅಂತ ಗಿರಾಕಿಯ ಹಾಗೆ ಕೇಳ್ತಿದ್ರು. ನನಗಾಗ ಐದು ವರ್ಷವೂ ತುಂಬಿರಲಿಲ್ಲ, ಅಂಕಿ ಬರೆಯೋಕೂ ಬರ್ತಿರಲಿಲ್ಲ. ಮುಂದೆ ನನಗೆ ಗಣಿತ ಯಾವತ್ತೂ ಭಯ ಹುಟ್ಟಿಸಲಿಲ್ಲ. ಅದಕ್ಕೆ ಹೈಸ್ಕೂಲಿನ ಮೇಷ್ಟ್ರು ಕಾರಣ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಗ್ರೆಗ್ ಡಂಕನ್ ಮತ್ತು ಸಂಗಡಿಗರು 2007ರಲ್ಲಿ ಆರು ದೊಡ್ಡ ಅಧ್ಯಯನಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಶಾಲೆಗೆ ಬರುವಾಗ ಮಗುವಿಗೆ ಏನು ಬಂದಿದ್ದರೆ ಮುಂದಿನ ಕಲಿಕೆ ಚೆನ್ನಾಗಿರುತ್ತದೆ ಅನ್ನೋದು ಅವರ ಪ್ರಶ್ನೆ. ಎಲ್ಲಕ್ಕಿಂತ ಮುಂದೆ ಬಂದಿದ್ದು ಸಂಖ್ಯೆಯ ತಿಳಿವಳಿಕೆ, ಆಮೇಲೆ ಅಕ್ಷರ ಮತ್ತು ಭಾಷೆ, ಆಮೇಲೆ ಗಮನ ಇಡುವ ಶಕ್ತಿ. ಒಂದರಿಂದ ನೂರು ಗಿಳಿಪಾಠ ಒಪ್ಪಿಸುವುದನ್ನು ಸಂಖ್ಯೆಯ ತಿಳಿವಳಿಕೆ ಅನ್ನೋಕಾಗಲ್ಲ. ಯಾವುದು ಹೆಚ್ಚು, ಯಾವುದು ಕಡಿಮೆ, ಮೂರು ಅಂದರೆ ಎಷ್ಟು ಅನ್ನೋದು ಕೈಗೆ ಸಿಗಬೇಕು. ತಟ್ಟೆ ಹಾಕುವಾಗ ‘ಇನ್ನೂ ಎಷ್ಟು ಲೋಟ ಬೇಕು?’ ಅಂತ ಕೇಳಿದರೂ ಸಿಗುತ್ತದೆ.

ಇಷ್ಟೆಲ್ಲ ಓದುವಾಗ ಒಂದು ಅಧ್ಯಯನ ಮಾತ್ರ ನನ್ನನ್ನು ಬಿಡಲಿಲ್ಲ. ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳು, 1986–87. ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲದೆ ಕುಳ್ಳಾಗಿದ್ದ, 9ರಿಂದ 24 ತಿಂಗಳ 129 ಮಕ್ಕಳು. ಅವರಲ್ಲಿ ಒಂದಷ್ಟು ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ, ವಾರಕ್ಕೊಂದು ಗಂಟೆ ಹೋದರು. ಮನೆಯಲ್ಲಿ ಸಿಗುವ ಸಾಮಾನಿನಿಂದಲೇ ಆಟಿಕೆ ಮಾಡಿ, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಅಂತ ತಾಯಂದಿರಿಗೆ ತೋರಿಸಿಕೊಟ್ಟರು. ಅಷ್ಟೇ. ಇಪ್ಪತ್ತು ವರ್ಷದ ನಂತರ ಹುಡುಕಿಕೊಂಡು ಹೋದಾಗ ಆ ಮಕ್ಕಳು ಹೆಚ್ಚು ಓದಿದ್ದರು, ಅವರ ಸಂಪಾದನೆ ಉಳಿದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಬರೀ ಪೌಷ್ಟಿಕ ಆಹಾರ ಪಡೆದ ಗುಂಪಿನಲ್ಲಿ ಲಾಭ ಅಷ್ಟು ದೂರ ಉಳಿಯಲಿಲ್ಲ.

ಇದನ್ನು ಓದಿದ ರಾತ್ರಿ ನಾನು ನೆನೆಸಿಕೊಂಡಿದ್ದು ನನ್ನ ಮಗಳನ್ನಲ್ಲ. ಅವಳನ್ನು ನೋಡಿಕೊಳ್ಳುವ ಅಕ್ಕನ ಮಗನನ್ನು. ಅಕ್ಕ ಯಾದಗಿರಿ ಕಡೆಯವರು. ಗಂಡ ಇಲ್ಲೇ ಕಟ್ಟಡ ಕೆಲಸ. ಪುಟ್ಟಿಗಿಂತ ನಾಲ್ಕು ತಿಂಗಳು ದೊಡ್ಡವನಾದ ಮಗ ಊರಲ್ಲಿ ಅಜ್ಜಿ ಹತ್ತಿರ. ಅಲ್ಲಿ ಅಂಗನವಾಡಿಗೆ ಹೋಗ್ತಾನೆ. ಮೊಟ್ಟೆ, ಹಾಲು ಸಿಗುತ್ತೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ಟಿ. ನರಸೀಪುರವೂ ಅದರಲ್ಲಿತ್ತು. ಐವತ್ತು ವರ್ಷದಲ್ಲಿ ಅದು ಎಷ್ಟು ಮಕ್ಕಳ ಹೊಟ್ಟೆ ನೋಡಿಕೊಂಡಿದೆ ಅಂತ ಲೆಕ್ಕ ಹಾಕೋದು ಕಷ್ಟ. “ಟೀಚರಮ್ಮ ಛಲೋ ಅದಾರ್ರೀ. ಆದ್ರ ಒಬ್ಬಾಕಿ ಎಷ್ಟು ಹುಡುಗ್ರನ್ನ ಮಾತಾಡಸ್ತಾಳ್ರೀ? ಅಂವಾ ಫೋನ್ಯಾಗ ನನ್ನ ಮಾರಿ ನೋಡಿದ್ರ ಓಡಿ ಹೋಗ್ತಾನ್ರೀ” ಅಂದಿದ್ದರು ಅಕ್ಕ ಒಮ್ಮೆ, ಪುಟ್ಟಿಗೆ ಜಡೆ ಹಾಕುತ್ತಾ. ನನ್ನ ಮಗಳ ಜೊತೆ ಮಾತಾಡಲಿ ಅಂತ ನಾನು ಸಂಬಳ ಕೊಡ್ತೀನಿ. ಆ ಸಂಬಳಕ್ಕಾಗಿ ಅವರು ತಮ್ಮ ಮಗನ ಜೊತೆ ಮಾತಾಡೋದನ್ನು ಬಿಟ್ಟು ಬಂದಿದ್ದಾರೆ.

“ಅವನನ್ನೂ ಕರ್ಕೊಂಡು ಬನ್ನಿ, ಇಲ್ಲೇ ಇರಲಿ” ಅಂತ ಹೇಳೋಕೆ ನನಗೆ ನಾಲ್ಕು ತಿಂಗಳು ಬೇಕಾಯಿತು. ಯಾಕೆ ಅಷ್ಟು ದಿನ ಅಂತ ನೀವು ಕೇಳಿದರೆ ನಾಚಿಕೆಯಾಗುತ್ತೆ. ಎರಡು ಮಕ್ಕಳಿದ್ದರೆ ನನ್ನ ಮಗಳ ಮೇಲೆ ಗಮನ ಕಡಿಮೆಯಾಗುತ್ತಾ ಅನ್ನೋ ಲೆಕ್ಕಾಚಾರ. ಹುಡುಗ ಯುಗಾದಿ ಮುಗಿಸಿಕೊಂಡು ಬಂದ. ಮೊದಲ ವಾರ ಅಡುಗೆಮನೆ ಬಾಗಿಲ ಹಿಂದೆಯೇ ನಿಂತಿದ್ದ. ಈಗ ಇಬ್ಬರಿಗೂ ಒಂದೇ ಸ್ಟೀಲ್ ಚೊಂಬಿಗಾಗಿ ದಿನಾ ಯುದ್ಧ. ಪುಟ್ಟಿಯ ಮಾತು ಹೆಚ್ಚಿದ್ದು ಕಬ್ಬಿಣದ ಡ್ರಾಪ್ಸ್‌ನಿಂದಲೋ, ಟಿವಿ ಆಫ್ ಆಗಿದ್ದಕ್ಕೋ, ಅತ್ತೆಯಿಂದಲೋ, ಈ ಜಗಳದಿಂದಲೋ ನನಗೆ ಬಿಡಿಸಿ ಹೇಳೋಕಾಗಲ್ಲ. ‘ಕೊಡಂಗಿಲ್ಲ’ ಅನ್ನೋದನ್ನು ಮಾತ್ರ ಖಂಡಿತ ಅವನಿಂದಲೇ ಕಲಿತಳು. ಅಪಾರ್ಟ್‌ಮೆಂಟಿನ ಆಟದ ಜಾಗಕ್ಕೆ ಅವನನ್ನು ಬಿಡುವ ವಿಷಯದಲ್ಲಿ ಸಂಘದವರ ಜೊತೆ ನನ್ನ ಮಾತುಕತೆ ಇನ್ನೂ ಮುಗಿದಿಲ್ಲ.

ಈಗ ಅಡ್ಮಿಷನ್ ಸಮಯ. ಹೋದ ತಿಂಗಳು ಒಂದು ಶಾಲೆಗೆ ಹೋಗಿದ್ವಿ. ಮೇಡಮ್ ಒಂದು ಕಾರ್ಡ್ ಹಿಡಿದು ಇಂಗ್ಲಿಷಿನಲ್ಲಿ “ಇದು ಯಾವ ಬಣ್ಣ?” ಅಂತ ಕೇಳಿದರು. “ಟೊಮೇಟೊ ಬಣ್ಣ” ಅಂದಳು ಪುಟ್ಟಿ. ಮೇಡಮ್ ಫಾರಂ ಮೇಲೆ ಏನೋ ಬರೆದುಕೊಂಡರು. ಮಗುವನ್ನು ಹೀಗೆ ಸಂದರ್ಶನ ಮಾಡಿ ಸೇರಿಸಿಕೊಳ್ಳುವುದಕ್ಕೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅವಕಾಶವೇ ಇಲ್ಲ. ಅಲ್ಲಿ ಕೂತಾಗ ನನಗೆ ಅದು ನೆನಪಾಗಲಿಲ್ಲ, ಇನ್ನೊಂದು ಸಲ ಸರಿಯಾಗಿ ಹೇಳು ಪುಟ್ಟಿ ಅಂತ ನಾನೇ ಅಂದುಬಿಟ್ಟೆ.

ತಕರಾರು ಇರೋದು ವಯಸ್ಸಿನದು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನೋದು ರಾಜ್ಯದ ನಿಯಮ. ಹಿಂದಕ್ಕೆ ಎಣಿಸಿದರೆ ಎಲ್‌ಕೆಜಿಗೆ ನಾಲ್ಕು. ಪುಟ್ಟಿಗೆ ಬರುವ ಜೂನ್‌ಗೆ ಮೂರು ವರ್ಷ ಒಂಬತ್ತು ತಿಂಗಳು. “ಈಗ ಸೇರಿಸಿ, 2025ರಲ್ಲಿ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಲಿಲ್ವಾ, ಮುಂದೆಯೂ ಮಾಡ್ತಾರೆ” ಅಂತ ಶಾಲೆಯವರು. ಆ ಸಡಿಲಿಕೆ ಆ ಒಂದು ವರ್ಷಕ್ಕೆ ಮಾತ್ರ. ಸಂಬಂಧಿಕರದ್ದೆಲ್ಲ ಒಂದೇ ರಾಗ: ಒಂದು ವರ್ಷ ಸುಮ್ಮನೆ ವೇಸ್ಟ್. ನನ್ನ ಗಂಡನಿಗೂ ಒಳಗೊಳಗೇ ಹಾಗೇ ಅನ್ನಿಸುತ್ತಿದೆ. ಆದರೆ ಬೆಡಾರ್ಡ್ ಮತ್ತು ಡ್ಯೂಯಿ ಅನ್ನೋ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಅಂಕಗಳನ್ನು ನೋಡಿ 2006ರಲ್ಲಿ ಬರೆದದ್ದು ಬೇರೆ. ನಾಲ್ಕನೇ ತರಗತಿಯಲ್ಲಿ ಕ್ಲಾಸಿನ ಅತಿ ಚಿಕ್ಕ ಮಕ್ಕಳು ಅತಿ ದೊಡ್ಡವರಿಗಿಂತ 4ರಿಂದ 12 ಪರ್ಸೆಂಟೈಲ್ ಹಿಂದೆ ಇದ್ದರು. ಎಂಟನೇ ತರಗತಿಗೆ ಬಂದರೂ ಅಂತರ ಪೂರ್ತಿ ಹೋಗಿರಲಿಲ್ಲ, 2ರಿಂದ 9ಕ್ಕೆ ಇಳಿದಿತ್ತು ಅಷ್ಟೆ. ಐದು ವರ್ಷದ ಮಗುವಿಗೆ ಹತ್ತು ತಿಂಗಳು ಅಂದರೆ ಅದರ ಇಡೀ ಬದುಕಿನ ಆರನೇ ಒಂದು ಭಾಗ. ಹುಟ್ಟಿದ ತಿಂಗಳ ವ್ಯತ್ಯಾಸವನ್ನು ನಾವು ‘ಜಾಣೆ’, ‘ದಡ್ಡ’ ಅಂತ ಕರೆದುಬಿಡ್ತೀವಿ.

ಒಂದು ವರ್ಷ ಕಾಯೋಣ ಅಂತ ನಾನು. ನೋಡೋಣ ಅಂತ ಗಂಡ. ಕಾಯೋದಾದರೆ ಆ ವರ್ಷ ಇಬ್ಬರ ಕ್ಯಾಲೆಂಡರಿನಲ್ಲೂ ಸಂಜೆ ಐದೂವರೆಯಿಂದ ಆರೂವರೆ ಖಾಲಿ ಇರಬೇಕು ಅನ್ನೋದು ನನ್ನ ಷರತ್ತು. ನನ್ನದನ್ನು ಬ್ಲಾಕ್ ಮಾಡಿದ್ದೀನಿ, ಮ್ಯಾನೇಜರ್ ಆಗಲೇ ಎರಡು ಸಲ ಅದರ ಮೇಲೆ ಮೀಟಿಂಗ್ ಹಾಕಿದ್ದಾರೆ. ಫಾರಂ ಕೊಡೋಕೆ ಶುಕ್ರವಾರದವರೆಗೆ ಸಮಯ ಇದೆ. ಅದು ಊಟದ ಟೇಬಲ್ ಮೇಲೇ ಬಿದ್ದಿತ್ತು. ನಿನ್ನೆ ನೋಡಿದರೆ ಹಿಂಬದಿಯ ಖಾಲಿ ಜಾಗದಲ್ಲಿ ಇಬ್ಬರೂ ಸೇರಿ ಪೆನ್ನಿನಲ್ಲಿ ದೊಡ್ಡ ದೊಡ್ಡ ಸುರುಳಿ ಗೀಚಿದ್ದಾರೆ. “ಏನೇ ಇದು?” ಅಂದೆ. ಪುಟ್ಟಿ ನನ್ನನ್ನೇ ನೋಡಿದಳು. ನಾನೂ ಸುಮ್ಮನೆ ಕಾದೆ. “ಅವರೆಕಾಯಿ” ಅಂದ ಹುಡುಗ, ಅವಳಿಗಿಂತ ಮೊದಲೇ.